ಜನರೇಟರ್ ಕೊಳ್ಳುವ ಮೊದಲು ಹೊಗೆಯ ಲೆಕ್ಕ

ಪ್ರಶ್ನೆ: ಶಿವರಾತ್ರಿ, ಯುಗಾದಿ, ದೀಪಾವಳಿಗೆ ಮಾದಪ್ಪನ ಬೆಟ್ಟದಲ್ಲಿ ಕಳ್ಳೆಪುರಿ, ಬತ್ತಾಸಿನ ಅಂಗಡಿ ಹಾಕುತ್ತೇವೆ. ರಾತ್ರಿ ಲಗೇಜ್ ಆಟೊಗೆ ಟಾರ್ಪಾಲು ಕಟ್ಟಿಕೊಂಡು ನಾನು, ನಮ್ಮ ಮನೆಯವರು, ಮಗ ಅದರಲ್ಲೇ ಮಲಗುವುದು. ಆರು ಬಲ್ಬು, ಒಂದು ಫ್ಯಾನು, ಮೊಬೈಲ್ ಚಾರ್ಜು. ಇಷ್ಟಕ್ಕೆ ಎಷ್ಟು ಕೆವಿಎ ಜನರೇಟರ್ ಬೇಕು? ಮಳೆ ಬಂದರೆ ಗಾಡಿಯೊಳಕ್ಕೇ ಇಟ್ಟುಕೊಳ್ಳಬಹುದೆ?
— ಅಂಗಡಿಯವರು, ಹನೂರು

ಉತ್ತರ: ಎರಡನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳುತ್ತೇನೆ. ಇಡಬೇಡಿ. ಐದು ನಿಮಿಷಕ್ಕೂ ಬೇಡ, ಟಾರ್ಪಾಲಿನ ಒಂದು ಬದಿ ಎತ್ತಿ ಕಟ್ಟಿದ್ದರೂ ಬೇಡ. ಪೆಟ್ರೋಲ್ ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಎಚ್ಚರವಿದ್ದವರಿಗೆ ತಲೆನೋವು, ತಲೆಸುತ್ತು, ವಾಕರಿಕೆ ಬಂದು ಸುಳಿವಾದರೂ ಸಿಗುತ್ತದೆ. ಮಲಗಿದವರಿಗೆ ಅದೂ ಸಿಗುವುದಿಲ್ಲ. ಮಗನನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುವವರು ನೀವು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಜನರೇಟರ್ ಮಲಗುವ ಜಾಗದಿಂದ ಕಡಿಮೆಯೆಂದರೂ ಇಪ್ಪತ್ತು ಅಡಿ ದೂರವಿರಲಿ, ಸೈಲೆನ್ಸರ್ ಬಾಯಿ ನಿಮ್ಮ ಕಡೆಗೂ ಪಕ್ಕದ ಅಂಗಡಿಯವರ ಕಡೆಗೂ ತಿರುಗಿರಬಾರದು. ಬೆಟ್ಟದಲ್ಲಿ ಗಾಳಿ ದಿಕ್ಕು ಬದಲಿಸುತ್ತದೆ. ಹಾಗಾಗಿ ಮಲಗುವ ಹೊತ್ತಿಗೆ ಆರಿಸಿಬಿಡುವುದೇ ಲೇಸು. ರಾತ್ರಿಯ ಒಂದು ಬಲ್ಬು, ಮೊಬೈಲಿಗೆ ಪುಟ್ಟ ಬ್ಯಾಟರಿ ಸಾಕು. ಮಳೆಗೆ ನಾಲ್ಕು ಕಂಬ ನೆಟ್ಟು ಮೇಲೊಂದು ತಗಡು ಹಾಕಿ, ಸುತ್ತ ಏನೂ ಮುಚ್ಚಬೇಡಿ. ಯಾರಾದರೂ ತಲೆಸುತ್ತಿ ಬಿದ್ದರೆ ಮೊದಲು ಬಯಲಿಗೆ ಎತ್ತಿಕೊಂಡು ಬನ್ನಿ, ಆಮೇಲೆ 108ಕ್ಕೆ ಫೋನ್ ಮಾಡಿ.

ಈಗ ಕೆವಿಎ ವಿಚಾರ. 20 ವ್ಯಾಟಿನ ಆರು ಎಲ್‌ಇಡಿ ಬಲ್ಬಿಗೆ 120, ಫ್ಯಾನಿಗೆ 75, ಚಾರ್ಜರುಗಳಿಗೆ ಮೂವತ್ತು ನಲವತ್ತು. ಇನ್ನೂರೈವತ್ತು ವ್ಯಾಟಿನೊಳಗೇ ಆಯಿತು. ನಿಮಗೆ 1 ಕೆವಿಎ ಧಾರಾಳ. ಅಂಗಡಿಯವನು 3 ಕೆವಿಎ ತೋರಿಸಿದರೆ ಬೇಡವೆನ್ನಿ. ಪಟ್ಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದ ಗರಿಷ್ಠ ವ್ಯಾಟ್ ನೋಡಬೇಡಿ, ಸತತವಾಗಿ ಎಷ್ಟು ವ್ಯಾಟ್ ಕೊಡುತ್ತದೆ ಎಂಬುದನ್ನು ಕೇಳಿ. ಇನ್ನೊಂದು, ಮೇಲಕ್ಕೆ ಹೋದಷ್ಟೂ ಗಾಳಿ ತೆಳುವಾಗಿ ಎಂಜಿನ್ ಶಕ್ತಿ ತಗ್ಗುತ್ತದೆ. ಸಾವಿರ ಅಡಿಗೆ ಶೇಕಡಾ ಮೂರೂವರೆಯಷ್ಟು ಹೋಗುತ್ತದೆ ಎಂದಿಟ್ಟುಕೊಳ್ಳಿ. ಮಾದಪ್ಪನ ಬೆಟ್ಟ ಸುಮಾರು ಮೂರು ಸಾವಿರ ಅಡಿ ಎತ್ತರದಲ್ಲಿದೆ, ಹತ್ತರಲ್ಲಿ ಒಂದು ಪಾಲು ಅಲ್ಲೇ ಕಳೆಯುತ್ತದೆ.

ದುಡ್ಡು ಹೊಂದಿದರೆ ಇನ್ವರ್ಟರ್ ಮಾದರಿಯದನ್ನೇ ಕೊಳ್ಳಿ. ಹಳೆಯ ಮಾದರಿ ಬಲ್ಬು ಒಂದಿರಲಿ ಹತ್ತಿರಲಿ ನಿಮಿಷಕ್ಕೆ 3,000 ಸುತ್ತು ತಿರುಗುತ್ತಲೇ ಇರುತ್ತದೆ. ಇನ್ವರ್ಟರ್ ಮಾದರಿ ಬೇಡಿಕೆ ಕಡಿಮೆಯಾದಾಗ ವೇಗ ಇಳಿಸಿಕೊಳ್ಳುತ್ತದೆ. ಪೆಟ್ರೋಲೂ ಉಳಿಯುತ್ತದೆ, ಸದ್ದೂ ತಗ್ಗುತ್ತದೆ. ತಾಳಬೆಟ್ಟದಿಂದ ನಡೆದು ಬಂದು ದಣಿದು ಮಲಗಿದ ಪರಸೆಯವರ ನಿದ್ದೆಯೂ ಕೆಡುವುದಿಲ್ಲ.

ಪ್ರಶ್ನೆ: ನನ್ನೂರು ಕೊಳ್ಳೇಗಾಲ, ಕೆಲಸ ಮಲ್ಪೆಯಲ್ಲಿ, ಬೋಟಿಗೆ ಹೋಗುತ್ತೇನೆ. ನಮ್ಮದು ಚಿಕ್ಕ ಬೋಟು, ಕ್ಯಾಬಿನ್ನಿನಲ್ಲಿ ನಾಲ್ಕು ಜನ ಮಲಗುತ್ತೇವೆ. ಸೆಖೆ ತಡೆಯಲಾಗದು. ಫ್ಯಾನು, ಲೈಟು, ಮೊಬೈಲಿಗೆಂದು ಮಾಲೀಕರು ಸಣ್ಣ ಪೆಟ್ರೋಲ್ ಜನರೇಟರ್ ತರುವ ಯೋಚನೆಯಲ್ಲಿದ್ದಾರೆ. ಯಾವುದು ಒಳ್ಳೆಯದು?
— ಬೋಟ್ ಕೆಲಸಗಾರ

ಉತ್ತರ: ಯಾವುದೂ ಬೇಡ ತಮ್ಮ. ಹನೂರಿನವರಿಗೆ ಇಪ್ಪತ್ತು ಅಡಿ ದೂರ ಇಡಿ ಎಂದೆ. ನಿಮ್ಮ ಬೋಟಿನಲ್ಲಿ ಅಷ್ಟು ಜಾಗವೇ ಎಲ್ಲಿದೆ? ಹಿಂಬದಿಯಲ್ಲಿಟ್ಟರೆ ಹೊಗೆ ಹಿಂದಕ್ಕೆ ಹೋಗುತ್ತದೆಂದು ಬಹಳ ಜನ ನಂಬಿದ್ದಾರೆ. ಚಲಿಸುವ ಬೋಟಿನ ಹಿಂದೆ ಗಾಳಿಯ ಒತ್ತಡ ಕಡಿಮೆಯಿರುತ್ತದೆ, ಹೊಗೆ ಸುತ್ತಿಕೊಂಡು ಮತ್ತೆ ಕ್ಯಾಬಿನ್ನಿಗೇ ನುಗ್ಗಬಹುದು. ಪೆಟ್ರೋಲಿನ ಆವಿಯ ಭಯ ಬೇರೆ. ಅದು ಗಾಳಿಗಿಂತ ಭಾರ, ಕೆಳಗಿಳಿದು ಬೋಟಿನ ತಳದಲ್ಲಿ ಕೂತುಬಿಡುತ್ತದೆ. ಅಲ್ಲಿ ಸ್ವಿಚ್ಚಿನ ಒಂದು ಕಿಡಿ ಹಾರಿದರೂ ಸಾಕು. ಇದರ ಜೊತೆಗೆ ಉಪ್ಪುನೀರಿನಲ್ಲಿ ನೆನೆದ ಹಲಗೆಯ ಮೇಲೆ ಬರಿಗಾಲು, ಕೈಯಲ್ಲಿ 230 ವೋಲ್ಟಿನ ವೈರು.

ಲೆಕ್ಕ ಹಾಕಿದರೆ ನಿಮಗೆ ಬೇಕಾದದ್ದು ಬಹಳ ಕಡಿಮೆ. 12 ವೋಲ್ಟಿನ ಎರಡು ಸಣ್ಣ ಫ್ಯಾನು, ಎರಡು ಎಲ್‌ಇಡಿ, ನಾಲ್ಕು ಮೊಬೈಲು ಸೇರಿ ಅರವತ್ತು ಎಪ್ಪತ್ತು ವ್ಯಾಟ್. ಹತ್ತು ಗಂಟೆಗೆ ಮುಕ್ಕಾಲು ಯೂನಿಟ್ಟೂ ಆಗುವುದಿಲ್ಲ. 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಒಂದು ಯೂನಿಟ್ಟಿನಷ್ಟು ಕೊಡುತ್ತದೆ. ಮಾಮೂಲಿ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಖಾಲಿ ಮಾಡಬಾರದು, ಅದಾದರೆ ಎರಡು ಬೇಕು. ಬೋಟಿನ ಡೀಸೆಲ್ ಎಂಜಿನ್ನಿನ ಡೈನಮೋದಿಂದ ಈ ಬ್ಯಾಟರಿ ಚಾರ್ಜ್ ಆಗುವಂತೆ ಎಲೆಕ್ಟ್ರಿಷಿಯನ್‌ಗೆ ಹೇಳಿ. ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿ ಇದರಿಂದ ಬೇರೆಯಾಗಿಯೇ ಇರಬೇಕು, ನಡುಕಡಲಲ್ಲಿ ಫ್ಯಾನಿನ ಆಸೆಗೆ ಎಂಜಿನ್ ಕೈಕೊಡಬಾರದು. ಮೇಲ್ಛಾವಣಿಗೆ 200 ವ್ಯಾಟಿನ ಸೋಲಾರ್ ಹಲಗೆಯಿದ್ದರೆ ಬಿಸಿಲ ದಿನ ಅದೊಂದೇ ಸಾಕು. ಮಳೆಗಾಲದ ಚಿಂತೆಯೂ ಹೆಚ್ಚಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಹೇಗೂ ನಿಷೇಧ.

ಪ್ರಶ್ನೆ: ರೇಷ್ಮೆ ಹುಳು ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಟ್ಟು ಎದ್ದ ಮೇಲೆ ಕರೆಂಟ್ ಹೋದರೆ ಜೀವ ಹೋದಂತಾಗುತ್ತದೆ. ಹುಳು ಮನೆಯ ಫ್ಯಾನು, ನೀರು ಚಿಮುಕಿಸುವ ಯಂತ್ರಕ್ಕೆ ಜನರೇಟರ್ ತಂದಿದ್ದೇನೆ. ಎರಡೂ ತುದಿಗೆ ಪ್ಲಗ್ ಇರುವ ವೈರಿನಿಂದ ಗೋಡೆಯ ಸಾಕೆಟ್ಟಿಗೆ ಕೊಟ್ಟರೆ ಮನೆಗೆಲ್ಲ ಬರುತ್ತದೆ ಎಂದರು. ಸರಿಯೆ?
— ರೇಷ್ಮೆ ಬೆಳೆಗಾರ, ಕೊಳ್ಳೇಗಾಲ

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇಕಡಾ 80ಕ್ಕೂ ಮೇಲೆ ಈ ಕೊನೆಯ ಹಂತದ್ದೇ. 24ರಿಂದ 26 ಡಿಗ್ರಿಯೊಳಗೆ ಇಡಲಾಗದಿದ್ದರೆ ಅಷ್ಟು ದಿನದ ದುಡಿಮೆ ಮಣ್ಣುಪಾಲು. 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕಳಿಸಿದ ಶಿವನಸಮುದ್ರದ ಮಗ್ಗುಲಲ್ಲಿ ಬಾಳುವ ರೈತನಿಗೆ ಹುಳುವಿನ ಈ ಕೊನೆಯ ದಿನಗಳಲ್ಲಾದರೂ ತಡೆಯಿಲ್ಲದ ವಿದ್ಯುತ್ ಸಿಗಬೇಕು. ಅದು ಬೆಳೆಗಾರರೆಲ್ಲ ಕೂಡಿ ಕೇಳಬೇಕಾದ ಹಕ್ಕು.

ಆದರೆ ಆ ಎರಡು ಪ್ಲಗ್ಗಿನ ವೈರನ್ನು ಇವತ್ತೇ ಕತ್ತರಿಸಿ ಹಾಕಿ. ನಿಮ್ಮ ಜನರೇಟರಿನ ಕರೆಂಟು ಮೀಟರ್ ದಾಟಿ ಹಿಮ್ಮುಖವಾಗಿ ಟ್ರಾನ್ಸ್‌ಫಾರ್ಮರಿಗೆ ಹೋದರೆ ಅಲ್ಲಿ 11,000 ವೋಲ್ಟ್ ಆಗುತ್ತದೆ. ಲೈನು ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಜೀವಕ್ಕೆ ಸಂಚಕಾರ. ಚೇಂಜ್‌ಓವರ್ ಸ್ವಿಚ್ ಹಾಕಿಸಿ, ಅದು ಎರಡರಲ್ಲಿ ಒಂದನ್ನು ಮಾತ್ರ ಮನೆಗೆ ಬಿಡುತ್ತದೆ. ಜನರೇಟರನ್ನು ಹುಳು ಮನೆಯ ಕಿಟಕಿಯಿಂದಲೂ ಸೊಪ್ಪಿನ ಕೋಣೆಯಿಂದಲೂ ದೂರವಿಡಿ; ಹೊಗೆ ಹುಳುವಿಗೂ ಆಗದು. ಪಂಪು ಸೇರಿಸುವುದಿದ್ದರೆ ನೆನಪಿಡಿ: 1 ಎಚ್‌ಪಿ ಮೋಟಾರು 746 ವ್ಯಾಟಿನದಾದರೂ ಸ್ಟಾರ್ಟ್ ಆಗುವಾಗ ಅದರ ಮೂರು ಪಟ್ಟಿಗೂ ಮೇಲೆ ಎಳೆಯುತ್ತದೆ.

ಪ್ರಶ್ನೆ: ಬಿಳಿಗಿರಿರಂಗನ ಬೆಟ್ಟದ ಜಾತ್ರೆಗೆ ಓಡಿಸಿ ಇಟ್ಟ ಜನರೇಟರ್ ತಿಂಗಳುಗಟ್ಟಲೆ ಬಿಟ್ಟು ಎಳೆದರೆ ಸ್ಟಾರ್ಟೇ ಆಗುತ್ತಿಲ್ಲ.
— ಶಾಮಿಯಾನದವರು, ಯಳಂದೂರು

ಉತ್ತರ: ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲ್ ಉಳಿದಿರಬೇಕು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ನೀರಿನಂಶ ಎಳೆದುಕೊಳ್ಳುತ್ತದೆ. ನಿಂತಷ್ಟೂ ಅಂಟುಗಟ್ಟಿ ಕಾರ್ಬುರೇಟರಿನ ಸಣ್ಣ ರಂಧ್ರ ಮುಚ್ಚುತ್ತದೆ. ಹಳೆಯದನ್ನು ಪೂರ್ತಿ ಬಸಿದು, ಕಾರ್ಬುರೇಟರ್ ಬಿಚ್ಚಿಸಿ ತೊಳೆಸಿ, ಪ್ಲಗ್ ಉಜ್ಜಿ, ಹೊಸ ಪೆಟ್ರೋಲ್ ಹಾಕಿ ಎಳೆಯಿರಿ. ಆಯಿಲ್ ಮಟ್ಟವನ್ನೂ ನೋಡಿ, ಆಯಿಲ್ ಕಡಿಮೆಯಾದರೆ ಸ್ಟಾರ್ಟ್ ಆಗದಂತೆ ತಡೆಯುವ ಏರ್ಪಾಡು ಎಷ್ಟೋ ಜನರೇಟರುಗಳಲ್ಲಿದೆ. ಮುಂದಿನ ಸಲ ಜಾತ್ರೆ ಮುಗಿದ ದಿನವೇ ಪೆಟ್ರೋಲ್ ಕಾಕ್ ಮುಚ್ಚಿ, ತಾನಾಗಿ ನಿಲ್ಲುವವರೆಗೆ ಓಡಿಸಿ, ಟ್ಯಾಂಕ್ ಖಾಲಿ ಮಾಡಿ ಒಳಗಿಡಿ.