ಎಳೆಗರುಗಳ ಭೇದಿ: ನೀರು ಮತ್ತು ಲವಣಾಂಶದ ಕೊರತೆಯನ್ನು ನೀಗಿಸುವ ಕ್ರಮ

ಹೈನುಗಾರಿಕೆಯನ್ನು ನೆಚ್ಚಿರುವ ಕುಟುಂಬಕ್ಕೆ ಒಂದು ಹೆಣ್ಣುಗರುವಿನ ಸಾವೆಂದರೆ ಮುಂದೆ ಕೊಟ್ಟಿಗೆಗೆ ಬರಬೇಕಾಗಿದ್ದ ಒಂದು ಹಾಲು ಕರೆಯುವ ಹಸುವಿನ ನಷ್ಟ. ಹುಟ್ಟಿದ ಮೊದಲ ನಾಲ್ಕು ವಾರಗಳಲ್ಲಿ ಇಂತಹ ಸಾವಿಗೆ ಮುಖ್ಯ ಕಾರಣ ಭೇದಿ. ಬೆಳಿಗ್ಗೆ ನೀರಾಗಿ ಸಗಣಿ ಹಾಕಿದ ಕರು ಮರುದಿನ ಏಳಲಾರದೆ ಮಲಗಿರುವುದನ್ನು ಸದಸ್ಯರಲ್ಲಿ ಅನೇಕರು ಕಂಡಿರುತ್ತಾರೆ.

ಭೇದಿಯನ್ನು ಉಂಟುಮಾಡುವ ರೋಗಾಣುಗಳು ಹಲವು. ಮೊದಲ ನಾಲ್ಕೈದು ದಿನಗಳಲ್ಲಿ ಈ-ಕೋಲಿ ಬ್ಯಾಕ್ಟೀರಿಯಾ, ಆ ನಂತರ ಹೆಚ್ಚಾಗಿ ರೋಟಾ ಮತ್ತು ಕೊರೊನಾ ವೈರಾಣುಗಳು ಹಾಗೂ ಕ್ರಿಪ್ಟೋಸ್ಪೊರಿಡಿಯಂ ಎಂಬ ಸೂಕ್ಷ್ಮ ಪರೋಪಜೀವಿ. ಕಾರಣ ಯಾವುದೇ ಇದ್ದರೂ ಕರುವಿನ ಜೀವಕ್ಕೆ ಎರವಾಗುವುದು ಬಹುಮಟ್ಟಿಗೆ ಸಗಣಿಯೊಡನೆ ಹರಿದುಹೋಗುವ ನೀರು, ಸೋಡಿಯಂ, ಪೊಟ್ಯಾಸಿಯಂ ಮತ್ತು ಬೈಕಾರ್ಬನೇಟ್. ಬೈಕಾರ್ಬನೇಟ್ ಕಡಿಮೆಯಾದಂತೆ ರಕ್ತದಲ್ಲಿ ಆಮ್ಲೀಯತೆ ಏರುತ್ತದೆ. ಕರು ಮಂಕಾಗಿ ತೂರಾಡುತ್ತದೆ, ಚೀಪುವ ಶಕ್ತಿ ಕುಂದುತ್ತದೆ. ಜೀವಕೋಶಗಳೊಳಗಿನ ಪೊಟ್ಯಾಸಿಯಂ ರಕ್ತಕ್ಕೆ ಸೇರಿ ಹೃದಯದ ಬಡಿತ ನಿಧಾನವಾಗಿ, ಕೊನೆಗೆ ನಿಂತೇ ಹೋಗಬಹುದು. ವೈರಾಣುವಿನಿಂದ ಬಂದ ಭೇದಿಗೆ ಔಷಧ ಅಂಗಡಿಯಿಂದ ತಂದ ಆಂಟಿಬಯೋಟಿಕ್ ಗುಳಿಗೆ ನಾಟುವುದಿಲ್ಲ. ಅದನ್ನು ಹುಡುಕುವುದರಲ್ಲಿ ಕಳೆದ ಅರ್ಧ ದಿನವೇ ಹಲವು ಕರುಗಳಿಗೆ ಮುಳುವಾಗುತ್ತದೆ.

ಮನೆಯ ಮಗುವಿಗೆ ಕೊಡುವಂತೆ ಸಕ್ಕರೆ-ಉಪ್ಪಿನ ನೀರನ್ನೋ ಬೆಲ್ಲದ ಪಾನಕವನ್ನೋ ಗಂಜಿಯನ್ನೋ ಕರುವಿಗೆ ಕುಡಿಸುವುದುಂಟು. ಉದ್ದೇಶ ಒಳ್ಳೆಯದಾದರೂ ಇದು ತಪ್ಪು. ಸಕ್ಕರೆ ಮತ್ತು ಬೆಲ್ಲವನ್ನು ಅರಗಿಸುವ ಕಿಣ್ವ ಕರುವಿನ ಕರುಳಿನಲ್ಲಿಲ್ಲ. ಗಂಜಿಯ ಪಿಷ್ಟವೂ ಆ ವಯಸ್ಸಿನಲ್ಲಿ ಸರಿಯಾಗಿ ಅರಗದು. ಅರಗದೆ ಉಳಿದದ್ದು ನೀರನ್ನು ಕರುಳಿಗೇ ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ. ಕರುವಿಗೆ ಬೇಕಾದುದು ಗ್ಲೂಕೋಸ್. ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಹೀರಲ್ಪಡುತ್ತವೆ, ಅವುಗಳ ಹಿಂದೆ ನೀರೂ ಒಳಸೇರುತ್ತದೆ.

ಕರುಗಳಿಗೆಂದೇ ತಯಾರಿಸಿದ ಲವಣ ದ್ರಾವಣದ ಪುಡಿ ಉತ್ತಮ. ಅದು ಕೈಗೆ ಸಿಗುವವರೆಗೆ, ಮನುಷ್ಯರಿಗೆ ಬಳಸುವ 20.5 ಗ್ರಾಂ ಓ.ಆರ್.ಎಸ್. ಪೊಟ್ಟಣವನ್ನು ಕುದಿಸಿ ಆರಿಸಿದ 1 ಲೀಟರ್ ನೀರಿನಲ್ಲಿ ಕರಗಿಸಿ ಪ್ರಥಮೋಪಚಾರವಾಗಿ ಕೊಡಬಹುದು. (ಆಶಾ ಕಾರ್ಯಕರ್ತೆಯರ ಬಳಿಯಿರುವ ಪೊಟ್ಟಣಗಳು ಮಕ್ಕಳಿಗೆ ಮೀಸಲು, ಕರುವಿಗೆ ಅಂಗಡಿಯಿಂದಲೇ ತರತಕ್ಕದ್ದು.) 30 ಕಿಲೋ ತೂಕದ ಕರು ತನ್ನ ತೂಕದ ಶೇ. 8ರಷ್ಟು ನೀರು ಕಳೆದುಕೊಂಡಿದ್ದರೆ ಆ ಕೊರತೆಯೊಂದೇ ಸುಮಾರು 2.4 ಲೀಟರ್. ಆದುದರಿಂದ ಒಂದೆರಡು ಲೋಟ ಕುಡಿಸಿ ಸುಮ್ಮನಾದರೆ ಸಾಲದು. ಪ್ರತಿ ಸಲ ಒಂದು ಲೀಟರಿನಂತೆ, ಉಗುರುಬೆಚ್ಚಗೆ, ದಿನಕ್ಕೆ ಮೂರು ಬಾರಿಯಾದರೂ ಕೊಡಬೇಕು.

ಹಾಲನ್ನು ನಿಲ್ಲಿಸಬಾರದು. ದ್ರಾವಣದಲ್ಲಿ ಕರು ಬದುಕುವಷ್ಟು ಆಹಾರಾಂಶವಿಲ್ಲ. ಹಾಲು ತಪ್ಪಿಸಿದ ಕರು ಹಸಿವಿನಿಂದಲೇ ಸೋಲುತ್ತದೆ. ಹಾಲು ಹೊಟ್ಟೆಯಲ್ಲಿ ಹೆಪ್ಪುಗಟ್ಟಿ ಅರಗಬೇಕಾದುದರಿಂದ, ಹಾಲಿಗೂ ದ್ರಾವಣಕ್ಕೂ ಎರಡು ಗಂಟೆಯ ಅಂತರವಿರಲಿ.

ಕರುವಿನ ಬಾಯಿಗೆ ಬೆರಳಿಟ್ಟಾಗ ಅದು ಚೀಪದಿದ್ದರೆ, ಬಾಯಿ ಮತ್ತು ಕಿವಿ ತಣ್ಣಗಿದ್ದರೆ, ಕಣ್ಣುಗುಡ್ಡೆ ಒಳಸರಿದು ರೆಪ್ಪೆಯ ನಡುವೆ ಸಂದು ಕಾಣುತ್ತಿದ್ದರೆ, ಬಾಯಿಯ ಮೂಲಕ ಕೊಡುವ ಹಂತ ಮೀರಿದೆ ಎಂದೇ ತಿಳಿಯಬೇಕು. ಆಗ ಗೊಟ್ಟದಿಂದ ಬಲವಂತವಾಗಿ ಹೊಯ್ದರೆ ನೀರು ಶ್ವಾಸಕೋಶ ಸೇರುವ ಅಪಾಯವಿದೆ. ಇಂತಹ ಕರುವಿಗೆ ರಕ್ತನಾಳದ ಮೂಲಕ ಬೈಕಾರ್ಬನೇಟ್ ಸಹಿತ ದ್ರಾವಣ ಅಗತ್ಯ. ಅದು ಪಶುವೈದ್ಯರ ಕೆಲಸ. ಸಗಣಿಯಲ್ಲಿ ರಕ್ತ ಅಥವಾ ಜ್ವರ ಕಂಡರೂ ತಡಮಾಡದೆ ಪಶು ಚಿಕಿತ್ಸಾಲಯವನ್ನು ಇಲ್ಲವೇ 1962 ಉಚಿತ ಸಹಾಯವಾಣಿಯನ್ನು ಸಂಪರ್ಕಿಸಬೇಕು. ವೈದ್ಯರು ಬರುವವರೆಗೆ ಒಣ ಗೋಣಿಚೀಲ ಹೊದಿಸಿ ಕರುವನ್ನು ಬೆಚ್ಚಗಿಡುವುದು ಸಾಧ್ಯವಿರುವ ದೊಡ್ಡ ಉಪಕಾರ.

ಗಿಣ್ಣದ ಹಾಲಿನ ವಿಷಯವನ್ನು ಸದಸ್ಯರು ಗ್ರಾಮಸಭೆಯಲ್ಲಿ ಪಶು ಸಖಿಯರ ಮೂಲಕ ಪ್ರಸ್ತಾಪಿಸಬಹುದು. ಮಾಸು ಬೀಳುವವರೆಗೆ ಕಾಯದೆ, ಹುಟ್ಟಿದ ಎರಡು ಗಂಟೆಯೊಳಗೆ ಮೊದಲ ಕಂತನ್ನೂ ಒಂದು ದಿನದೊಳಗೆ ತೂಕದ ಹತ್ತನೆಯ ಒಂದು ಭಾಗದಷ್ಟನ್ನೂ ಕುಡಿಸಬೇಕು. 24 ಗಂಟೆ ಕಳೆದರೆ ಅದರ ರೋಗನಿರೋಧಕ ಅಂಶ ರಕ್ತಕ್ಕೆ ಸೇರುವುದಿಲ್ಲ. ಭೇದಿಯಾದ ಕರುವನ್ನು ಬೇರೆ ಕಟ್ಟಿ, ಅದನ್ನು ಕೊನೆಯಲ್ಲಿ ಉಪಚರಿಸಿ, ಸೋಪಿನಿಂದ ಕೈ ತೊಳೆಯಬೇಕು. ಈ ರೋಗಾಣುಗಳಲ್ಲಿ ಕೆಲವು ಮನೆಯ ಮಕ್ಕಳಿಗೂ ಅಂಟುತ್ತವೆ.