ಕಟ್ಟಿದ ಮನೆಗೆ ತಡವಾಗಿಯಾದರೂ ಒಪ್ಪಿಗೆ ಪತ್ರ
(ಸ್ವಸಹಾಯ ಸಂಘಗಳ ತಿಂಗಳ ಸಭೆಯ ಪಾಠ)



“ಸಿಸ್ಟರ್, ಮನಿ ಕಟ್ಟಿ ಹನ್ನೆರಡು ವರ್ಷ ಆತು. ಒಂದು ವರ್ಷಾನೂ ಮನಿಪಟ್ಟಿ ತಪ್ಪಿಸಿಲ್ಲ. ಈಗ ಮಗಳ ನರ್ಸಿಂಗ್ ಓದಿಗೆ ಮನಿ ಮ್ಯಾಲೆ ಸಾಲ ಕೇಳಿದ್ರ, ಕಟ್ಟಡದ ಸರ್ಟಿಫಿಕೇಟ್ ತಗೊಂಡ್ ಬರ್ರಿ ಅಂತಾರ.” ಹುಬ್ಬಳ್ಳಿಯ ಸಂಘವೊಂದರ ತಾಯಿ ಹೀಗೆ ನಮ್ಮ ಮುಂದೆ ಅಳಲು ತೋಡಿಕೊಂಡರು. ಕೆಳಗಿನ ಮನೆಗೆ ಪರವಾನಗಿ ಇತ್ತು. ಮೇಲಿನ ಎರಡು ಖೋಲಿಗಳನ್ನು ಗೌಂಡಿಯ ಮಾತು ಕೇಳಿ ಹಾಗೇ ಕಟ್ಟಿಸಿದ್ದರು. ಇದು ಅವರೊಬ್ಬರ ಕಥೆಯಲ್ಲ, ನಮ್ಮಲ್ಲಿ ಬಹಳ ಮಂದಿಯದು.

ಕಾಯ್ದೆ ಏನು ಹೇಳುತ್ತದೆ?

ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಗೆ 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆ ಅನ್ವಯಿಸುತ್ತದೆ. ಕಟ್ಟುವ ಮೊದಲು ನಕ್ಷೆ ಕೊಟ್ಟು ಪರವಾನಗಿ ಪಡೆಯಬೇಕು. ಕೆಲಸ ಮುಗಿದ ಒಂದು ತಿಂಗಳೊಳಗೆ ಆಯುಕ್ತರಿಗೆ ಬರಹದಲ್ಲಿ ತಿಳಿಸಿ, ವಾಸಕ್ಕೆ ಅನುಮತಿ ಪಡೆಯಬೇಕು (ಕಲಂ 310). ನಾವು ಮೊದಲನೆಯದನ್ನು ಮಾಡಿ ಎರಡನೆಯದನ್ನು ಮರೆಯುತ್ತೇವೆ. ಗೃಹಪ್ರವೇಶಕ್ಕೆ ಗುರುಗಳನ್ನು ಕರೆದು ಮನೆ ಆಶೀರ್ವಾದ ಮಾಡಿಸುತ್ತೇವೆ, ಪಾಲಿಕೆಗೆ ಮಾತ್ರ ತಿಳಿಸುವುದಿಲ್ಲ!

2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ, ಮುಕ್ತಾಯ ಅಥವಾ ವಾಸ ಪ್ರಮಾಣಪತ್ರ ನೋಡಿದ ಮೇಲೆಯೇ ಕರೆಂಟು, ನೀರಿನ ಸಂಪರ್ಕ ಕೊಡಬೇಕು, ಬ್ಯಾಂಕುಗಳೂ ಅದನ್ನು ಪರಿಶೀಲಿಸಿಯೇ ಕಟ್ಟಡದ ಮೇಲೆ ಸಾಲ ಕೊಡಬೇಕು ಎಂದು ಹೇಳಿತು. ಆದ್ದರಿಂದ ಮೊದಲಿನಂತೆ ‘ನಡೀತದ ಬಿಡ್ರಿ’ ಎಂದರೆ ನಡೆಯುವುದಿಲ್ಲ.

ನಮ್ಮ ಮನೆ ಯಾವ ಗುಂಪಿನದು?

1. ಪರವಾನಗಿ ಇದೆ, ನಕ್ಷೆಯಂತೆಯೇ ಕಟ್ಟಿದೆ, ಮುಕ್ತಾಯ ಪತ್ರ ಪಡೆದಿಲ್ಲ. ಇವರ ಕೆಲಸ ಎಲ್ಲಕ್ಕಿಂತ ಹಗುರ. ತಡವಾಗಿದ್ದರೂ ಅರ್ಜಿ ಹಾಕಿ ಪರಿಶೀಲನೆಗೆ ಕರೆಯಬೇಕು.

2. ಪರವಾನಗಿ ಇದೆ, ಆದರೆ ಸುತ್ತ ಬಿಡಬೇಕಾದ ಜಾಗ ಬಿಟ್ಟಿಲ್ಲ ಅಥವಾ ಮೇಲೆ ಖೋಲಿ ಏರಿಸಿದ್ದಾರೆ. ಮೊದಲು ನೋಂದಾಯಿತ ಎಂಜಿನಿಯರರಿಂದ ಮನೆ ಇದ್ದ ಹಾಗೆಯೇ ಅಳತೆ ಮಾಡಿಸಿ ಹೊಸ ನಕ್ಷೆ ತೆಗೆಸಬೇಕು. ವ್ಯತ್ಯಾಸ ನಿಯಮದ ಮಿತಿಯೊಳಗಿದ್ದರೆ ಶುಲ್ಕ, ದಂಡ ಕಟ್ಟಿ ದಾರಿ ಇದೆ. ಮಿತಿ ಮೀರಿದ್ದರೆ ಹೆಚ್ಚಾದ ಭಾಗವನ್ನು ತೆಗೆಯಬೇಕಾಗಬಹುದು.

3. ಪರವಾನಗಿಯೇ ಇಲ್ಲ, ಅಥವಾ ಜಾಗವೇ ಎನ್.ಎ. ಆಗದ ಗುಂಠೆ ಪ್ಲಾಟು. ಇಲ್ಲಿ ಮನೆಗಿಂತ ಮೊದಲು ಜಾಗದ ಪ್ರಶ್ನೆ ಬಿಡಿಸಬೇಕು. 2025ರಲ್ಲಿ ಇಂಥ ಆಸ್ತಿಗಳಿಗೆ ಬಿ-ಖಾತೆ ಕೊಡಲು ಸರ್ಕಾರ ಅವಕಾಶ ಮಾಡಿತು. ಆದರೆ ಬಿ-ಖಾತೆ ಎಂದರೆ ಆಸ್ತಿ ಪಾಲಿಕೆಯ ಲೆಕ್ಕಕ್ಕೆ ಬಂತು ಎಂದಷ್ಟೇ ಅರ್ಥ. ಅದು ಕಟ್ಟಡಕ್ಕೆ ಒಪ್ಪಿಗೆಯಲ್ಲ. ಮನಿಪಟ್ಟಿ ರಸೀದಿಯೂ ಒಪ್ಪಿಗೆಯಲ್ಲ.

‘ಅಕ್ರಮ-ಸಕ್ರಮ’ದ ಮಾತು

2013ರ ಅಕ್ಟೋಬರ್ 19ಕ್ಕೆ ಮೊದಲು ಕಟ್ಟಿದ, ಶೇ. 50ರೊಳಗೆ ನಿಯಮ ಮೀರಿದ ವಾಸದ ಮನೆಗಳನ್ನು ದಂಡ ಪಡೆದು ಸಕ್ರಮ ಮಾಡುವ ಯೋಜನೆಯನ್ನು ರಾಜ್ಯ ಸರ್ಕಾರ ತಂದಿತ್ತು. ಹೈಕೋರ್ಟ್ 2016ರ ಡಿಸೆಂಬರಿನಲ್ಲಿ ಅದನ್ನು ಎತ್ತಿಹಿಡಿಯಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಆದ್ದರಿಂದ ‘ಸಕ್ರಮ ಮಾಡಿಸಿಕೊಡ್ತೀನಿ, ರೊಕ್ಕ ಕೊಡ್ರಿ’ ಎಂದು ಯಾರಾದರೂ ಮನೆಗೆ ಬಂದರೆ ಒಂದು ಪೈಸೆಯನ್ನೂ ಕೊಡಬೇಡಿ. ನೇರವಾಗಿ ಪಾಲಿಕೆಯ ವಲಯ ಕಚೇರಿಗೆ ಹೋಗಿ ವಿಚಾರಿಸಿ.

ಏನು ಮಾಡಬೇಕು?

– ಖರೀದಿ ಪತ್ರ, ಉತಾರ, ಖಾತೆ, ಹಳೆಯ ಪರವಾನಗಿ ಮತ್ತು ನಕ್ಷೆ, ಮನಿಪಟ್ಟಿ ರಸೀದಿ ಇವೆಲ್ಲವನ್ನೂ ಒಂದೇ ಫೈಲಿನಲ್ಲಿ ಇಡಿ. ನಕ್ಷೆ ಕಳೆದಿದ್ದರೆ ಪಾಲಿಕೆಯಲ್ಲಿ ದೃಢೀಕೃತ ನಕಲು ಕೇಳಿ. ಮಾಹಿತಿ ಹಕ್ಕಿನ ಅರ್ಜಿಯಲ್ಲೂ ಕೇಳಬಹುದು.
– ಅರ್ಜಿ ಕೊಟ್ಟರೆ ಸ್ವೀಕೃತಿ, ಹಣ ಕಟ್ಟಿದರೆ ರಸೀದಿ ಪಡೆಯದೆ ಬರಬೇಡಿ.
– ನೋಟೀಸು ಬಂದರೆ ಹೆದರಿ ಮುಚ್ಚಿಡಬೇಡಿ. ಕಲಂ 321ರಂತೆ ತೆರವಿನ ಆದೇಶ ಕಾಯಂ ಆಗುವ ಮೊದಲು ಕಾರಣ ಹೇಳಲು ನಮಗೆ ಅವಕಾಶ ಇದೆ. ಹೇಳಿದ ದಿನದೊಳಗೆ ಬರಹದಲ್ಲಿ ಉತ್ತರ ಕೊಡಿ.
– ವಕೀಲರಿಗೆ ಹಣವಿಲ್ಲವೆಂದು ಕೈಚೆಲ್ಲಬೇಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ.

ಇದು ಬರೀ ಕಾಗದದ ಮಾತಲ್ಲ

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಜನ ಸತ್ತದ್ದನ್ನು ನಾವ್ಯಾರೂ ಮರೆತಿಲ್ಲ. ನಮ್ಮ ಸೀಮೆಯ ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಒಂದು ಅಂತಸ್ತಿಗೆಂದು ಹಾಕಿದ ಪಾಯದ ಮೇಲೆ ಇನ್ನೊಂದು ಏರಿಸಿದರೆ ಅದರ ಕೆಳಗೆ ಮಲಗುವವರು ನಮ್ಮ ಮಕ್ಕಳೇ. ಆದ್ದರಿಂದ ಎಂಜಿನಿಯರ್ ಬಂದಾಗ ಅಳತೆಯ ಜೊತೆ ಪಾಯ, ಕಂಬಗಳನ್ನೂ ನೋಡಿಸಿರಿ.

ಗೋಪುರ ಕಟ್ಟಹೊರಟವನು ಮೊದಲು ಕುಳಿತು ಲೆಕ್ಕ ಹಾಕಬೇಕೆಂಬುದನ್ನು ಯೇಸುಸ್ವಾಮಿ ಲೂಕನ ಶುಭಸಂದೇಶದಲ್ಲಿ ಕಲಿಸುತ್ತಾರೆ. ನಾವು ಮೊದಲು ಕಟ್ಟಿ ಈಗ ಲೆಕ್ಕಕ್ಕೆ ಕೂತಿದ್ದೇವೆ. ಇರಲಿ, ಕೂತೆವಲ್ಲ! ಸಾಲದ ಅವಸರ, ಮಾರಾಟದ ಅವಸರ ಬರುವ ಮೊದಲೇ ಹೋದರೆ ಬೇರೆಯವರ ಕೈಗೆ ಸಿಕ್ಕಿಬೀಳುವುದು ತಪ್ಪುತ್ತದೆ. ಆ ತಾಯಿ ಈಗ ಮನೆಯ ಅಳತೆ ಮಾಡಿಸಿದ್ದಾರೆ. ಅರ್ಜಿ ಕೊಡುವ ದಿನ ಸಂಘದ ಇಬ್ಬರು ಅವರ ಜೊತೆ ಹೋಗಲಿದ್ದಾರೆ.

ಸಭೆಯಲ್ಲಿ ಚರ್ಚಿಸಿರಿ:
1. ನಮ್ಮ ಮನೆ ಮೂರರಲ್ಲಿ ಯಾವ ಗುಂಪಿಗೆ ಸೇರುತ್ತದೆ?
2. ನಮ್ಮ ಫೈಲಿನಲ್ಲಿ ಯಾವ ಕಾಗದ ಇಲ್ಲ?
3. ಕಚೇರಿಗೆ ಒಬ್ಬರೇ ಹೋಗಲು ಅಂಜುವವರ ಜೊತೆ ಸಂಘದಿಂದ ಯಾರು ಹೋಗುತ್ತೀರಿ?