ಎಲ್ಲ ಪ್ಯಾಕೇಜೂ ಹಾಕಿಕೊಂಡರೆ ಅಳುಕು ಹೋಗುತ್ತದೆಯೇ?

ಪ್ರಶ್ನೆ: ನಾನು ಮಳವಳ್ಳಿ ಹತ್ತಿರದ ಹಳ್ಳಿಯವಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಈಗ ಮಂಡ್ಯದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಅಪ್ಪ ಕಬ್ಬಿನ ದುಡ್ಡಿನಲ್ಲಿ ಹಳೇ ಲ್ಯಾಪ್‌ಟಾಪ್ ಕೊಡಿಸಿದ್ದಾರೆ, ಅದರಲ್ಲಿ ಡೆಬಿಯನ್ 12 ಲಿನಕ್ಸ್ ಇದೆ. ಲ್ಯಾಬಿನಲ್ಲಿ ಯಾರಾದರೂ ಗೊತ್ತಿಲ್ಲದ ಸಾಫ್ಟ್‌ವೇರ್ ಹೆಸರು ಹೇಳಿದರೆ ಎದೆ ಢವಗುಟ್ಟುತ್ತದೆ. ಇರುವ ಪ್ಯಾಕೇಜನ್ನೆಲ್ಲ ಹಾಕಿಬಿಡೋಣವೆಂದು ಒಂದು ರಾತ್ರಿ ಕೂತೆ. ಅರ್ಧಕ್ಕೇ ನಿಂತಿತು. ಈಗ ಲ್ಯಾಪ್‌ಟಾಪ್ ಆನ್ ಆಗಲು ತುಂಬ ಹೊತ್ತು ಹಿಡಿಯುತ್ತದೆ. ಅಪ್ಪನ ದುಡ್ಡು ಹಾಳು ಮಾಡಿದೆನಾ? ನಿದ್ದೆ ಬರುತ್ತಿಲ್ಲ.

ಉತ್ತರ: ಇಲ್ಲ, ನೀವು ಏನನ್ನೂ ಹಾಳು ಮಾಡಿಲ್ಲ. ಬೇಡದ ಪ್ಯಾಕೇಜುಗಳನ್ನು ತೆಗೆಯಬಹುದು. ತೀರಾ ಗೋಜಲಾಗಿದ್ದರೆ ಡೆಬಿಯನ್ನನ್ನೇ ಹೊಸದಾಗಿ ಹಾಕಬಹುದು, ಅದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಇನ್ನು ಆ ಎದೆಗುದಿ. ಕನ್ನಡ ಮಾಧ್ಯಮದಲ್ಲಿ ಓದಿ, ಮದ್ದೂರು, ಮಳವಳ್ಳಿ ಕಡೆಯ ಊರುಗಳಿಂದ ಬಂದು ಲ್ಯಾಬಿನಲ್ಲಿ ಇಂಗ್ಲಿಷ್ ಹೆಸರುಗಳ ನಡುವೆ ಕೂರುವ ಬಹಳ ಮಕ್ಕಳಿಗೆ ಇದು ಇರುತ್ತದೆ. ಬಾಯಿಬಿಟ್ಟು ಹೇಳುವವರು ಕಡಿಮೆ. ಎಲ್ಲವೂ ನನ್ನ ಬಳಿ ಇದ್ದುಬಿಟ್ಟರೆ ಯಾರ ಮುಂದೆಯೂ ತಲೆ ತಗ್ಗಿಸಬೇಕಿಲ್ಲ ಎಂದು ನಿಮ್ಮ ಮನಸ್ಸು ಲೆಕ್ಕ ಹಾಕಿದೆ. ಅದರ ಹಿಂದಿರುವುದು ಕಲಿಯುವ ಆಸೆ. ಆ ಆಸೆಯನ್ನು ಬೈದುಕೊಳ್ಳಬೇಡಿ.

ಆದರೆ ನೀವು ಕೈಹಾಕಿದ್ದು ಯಾರಿಂದಲೂ ಆಗದ ಕೆಲಸ. 2023ರಲ್ಲಿ ಬಂದ ಡೆಬಿಯನ್ 12ರಲ್ಲಿ 64 ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳಿವೆ. ಅವುಗಳಲ್ಲಿ ಕೆಲವು ಒಂದೇ ಯಂತ್ರದಲ್ಲಿ ಒಟ್ಟಿಗೆ ಇರುವುದೇ ಇಲ್ಲ. ಎಕ್ಸಿಮ್ ಮತ್ತು ಪೋಸ್ಟ್‌ಫಿಕ್ಸ್ ಎರಡೂ ಇಮೇಲ್ ಸಾಗಿಸುವಂಥವು. ಒಂದು ಇರುವಾಗ ಇನ್ನೊಂದನ್ನು ಕೇಳಿದರೆ, ಮೊದಲಿನದನ್ನು ತೆಗೆಯುತ್ತೇನೆ ಎಂದು, ಪ್ಯಾಕೇಜು ಹಾಕುವ ಸಾಧನವಾದ ಆಪ್ಟ್ ಪಟ್ಟಿ ತೋರಿಸಿ ಒಪ್ಪಿಗೆ ಕೇಳುತ್ತದೆ. ಕಟ್ಟಿದವರೇ ಹಾಗೆ ಕಟ್ಟಿದ್ದಾರೆ. ಆ ರಾತ್ರಿ ಕೆಲಸ ಅರ್ಧಕ್ಕೆ ನಿಂತದ್ದು ನಿಮ್ಮ ದಡ್ಡತನವಲ್ಲ. ಅಪಾಚೆ, ಮರಿಯಾಡಿಬಿಯಂಥ ಸರ್ವರ್ ಪ್ಯಾಕೇಜುಗಳು ಹಾಕಿದ ಕೂಡಲೇ ಚಾಲೂ ಆಗುತ್ತವೆ, ಆಮೇಲೆ ಪ್ರತಿಸಲ ಲ್ಯಾಪ್‌ಟಾಪ್ ಜೊತೆಗೇ ಏಳುತ್ತವೆ. ನಿಧಾನಕ್ಕೆ ಬಹುಶಃ ಅದೇ ಕಾರಣ. ಬಳಸದ ಸರ್ವರುಗಳು ಓಡುತ್ತಿದ್ದರೆ ಹೊರಗಿನವರು ನುಗ್ಗಲು ಬಾಗಿಲೂ ಹೆಚ್ಚು, ಅಪ್‌ಡೇಟಿಗೆ ನಿಮ್ಮ ಮೊಬೈಲ್ ಡೇಟಾವೂ ಖಾಲಿ. ಡೆಬಿಯನ್ ಕಟ್ಟುವ ಸ್ವಯಂಸೇವಕರು ಕೂಡ ತಮ್ಮ ಪಾಲಿನ ಪ್ಯಾಕೇಜುಗಳನ್ನಷ್ಟೇ ನೋಡಿಕೊಳ್ಳುತ್ತಾರೆ. ಎಲ್ಲವನ್ನೂ ಬಲ್ಲವರು ನಿಮ್ಮ ಲ್ಯಾಬಿನಲ್ಲಿಲ್ಲ, ಬೆಂಗಳೂರಿನಲ್ಲೂ ಇಲ್ಲ.

ವಿ.ಸಿ. ನಾಲೆಗೆ ನೀರು ಬಿಟ್ಟರೆಂದು ನಿಮ್ಮ ಕಡೆ ಯಾರೂ ಇದ್ದಬದ್ದ ನೀರನ್ನೆಲ್ಲ ಗದ್ದೆಗೆ ತಿರುಗಿಸುವುದಿಲ್ಲ. ಪೈರಿಗೆ ಬೇಕಾದಷ್ಟು ಹಾಯಿಸಿ ಮಡೆ ಕಟ್ಟುತ್ತಾರೆ. ನಾಲೆಯಾದರೂ ಬೇಸಿಗೆಯಲ್ಲಿ ಬತ್ತೀತು, ಡೆಬಿಯನ್ ಭಂಡಾರ ಬತ್ತುವುದಿಲ್ಲ. ಇವತ್ತು ಹಾಕದ ಪ್ಯಾಕೇಜನ್ನು ಬೇಕಾದ ದಿನ ಒಂದು ಸಾಲು ಬರೆದು ತರಿಸಿಕೊಳ್ಳಬಹುದು.

ಈಗ ಮಾಡಬೇಕಾದ್ದು ಸ್ವಲ್ಪವೇ. ಮೊದಲು ಲ್ಯಾಬ್ ಕೆಲಸವನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಈ ಸೆಮಿಸ್ಟರಿಗೆ ನಿಜವಾಗಿ ಬೇಕಾದ್ದನ್ನು ಒಂದು ಹಾಳೆಯಲ್ಲಿ ಬರೆಯಿರಿ: ಜಿಸಿಸಿ, ಪೈಥಾನ್, ಗಿಟ್, ಹೀಗೆ. ಉಳಿದದ್ದನ್ನು ಗಾಬರಿಯಲ್ಲಿ ಅಳಿಸಬೇಡಿ, ಲ್ಯಾಬ್ ಇನ್‌ಸ್ಟ್ರಕ್ಟರ್ ಪಕ್ಕದಲ್ಲಿ ಕೂತು ತೆಗೆಯಿರಿ. ಮುಂದೆ ಹೊಸ ಹೆಸರು ಕಿವಿಗೆ ಬಿದ್ದಾಗ ಇನ್‌ಸ್ಟಾಲ್ ಮಾಡುವ ಮೊದಲು ‘ಆಪ್ಟ್ ಶೋ’ ಕೊಟ್ಟು ಅದೇನೆಂದು ಓದಿ. ‘ವೈ’ ಒತ್ತುವ ಮುಂಚೆ ಏನೇನು ತೆಗೆಯುತ್ತದೆ ಎಂಬ ಪಟ್ಟಿಯನ್ನೂ ನೋಡಿ. ಜೊತೆಗೆ ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳನ್ನು ಹಾಕಿಕೊಳ್ಳಿ ಎಂದು ನಾನೇ ಹೇಳುತ್ತೇನೆ. ನಿಮ್ಮ ಟಿಪ್ಪಣಿ ಕನ್ನಡದಲ್ಲೇ ಇರಲಿ. ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ನಲ್ಲಿ ಲಿನಕ್ಸ್ ಪಾಠಗಳು ಕನ್ನಡದಲ್ಲೂ ಉಚಿತವಾಗಿ ಸಿಗುತ್ತವೆ. ಲ್ಯಾಬಿನಲ್ಲಿ ಒಮ್ಮೆ ‘ಅದೇನು, ನನಗೆ ಗೊತ್ತಿಲ್ಲ’ ಎಂದು ಕೇಳಿ ನೋಡಿ. ಮೊದಲ ಸಲ ನಾಲಿಗೆ ತಡವರಿಸುತ್ತದೆ, ಆದರೂ ಕೇಳಿ.

ಅಪ್ಪನಿಗೂ ನಡೆದದ್ದನ್ನು ಹೇಳಿಬಿಡಿ. ಮುಚ್ಚಿಟ್ಟದ್ದೇ ನಿಮ್ಮ ನಿದ್ದೆ ಕೆಡಿಸುತ್ತಿರಬಹುದು. ಇಷ್ಟಾದ ಮೇಲೂ ಎರಡು ವಾರ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗಲೂ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಮಂಡ್ಯದ ಮಿಮ್ಸ್ ಆಸ್ಪತ್ರೆಯ ಮನೋವೈದ್ಯರನ್ನೂ ಕಾಣಬಹುದು. ಸಂಕಟ ತೀರಾ ಹೆಚ್ಚಾಗುವವರೆಗೆ ಕಾಯಬೇಕಿಲ್ಲ, ಇವತ್ತೇ ಮಾಡಿದರೂ ಆದೀತು.